ಊದಿ ಒರೆಸಿದ ಗಾಜು

ಫೆಬ್ರವರಿ 4

ಪ್ರೀತಿಯ ಮಾವ,

ನಿಮ್ಮ ಕಾಗದ ತಲುಪಿತು. ಮೂರು ಹಾಳೆ ಇತ್ತು, ಓದಿ ಮುಗಿಸಲು ಮೂರು ನಿಮಿಷವೂ ಹಿಡಿಯಲಿಲ್ಲ. ಒಂದೊಂದು ಅಕ್ಷರವೂ ಅಂಗಡಿಯ ಬೋರ್ಡಿನ ಮೇಲೆ ಬರೆದ ಹಾಗಿದೆ. ಮೊದಲೆಲ್ಲ ಪೋಸ್ಟ್‌ಕಾರ್ಡಿನ ಅಂಚಿನಲ್ಲೂ ಎರಡು ಬುದ್ಧಿಮಾತು ತುರುಕುತ್ತಿದ್ದವರು ನೀವು. ಈಗ ಇಷ್ಟು ಧಾರಾಳ ಹೇಗೆ ಬಂತು? ಅಂದಹಾಗೆ, ಫೋನ್ ಮಾಡಬಾರದೇ ಅಂತ ಅತ್ತೆ ಕೇಳಿದರಂತೆ. ಫೋನ್ ಎತ್ತಿದ ಕೂಡಲೇ "ಸರಿ, ಇಡ್ತೀನಿ" ಅನ್ನುವ ಮನುಷ್ಯನಿಗೆ ಕಾಗದವೇ ಸರಿ ಅಂತ ಹೇಳಿ.

ಇಷ್ಟು ದೊಡ್ಡ ಯಂತ್ರದಲ್ಲಿ ನಿನ್ನ ಕೆಲಸ ಏನು ಅಂತ ಕೇಳಿದ್ದೀರಿ. ಒಂದಕ್ಕೊಂದು ಅಡ್ಡವಾಗಿ ಹೊರಟ ಎರಡು ಕೊಳವೆ, ಒಂದೊಂದೂ ನಾಲ್ಕು ಕಿಲೋಮೀಟರ್ ಉದ್ದ, ಒಳಗೆ ಗಾಳಿಯೂ ಇಲ್ಲ. ಒಂದು ಲೇಸರ್ ಬೆಳಕನ್ನು ಎರಡಾಗಿ ಸೀಳಿ ಎರಡೂ ಕಡೆ ಕಳಿಸುತ್ತೇವೆ. ತುದಿಯ ಕನ್ನಡಿಗೆ ತಾಗಿ ವಾಪಸು ಬಂದ ಮೇಲೆ ಎರಡನ್ನೂ ಕೂಡಿಸಿ ನೋಡುತ್ತೇವೆ. ಎಲ್ಲೋ ಬಹಳ ದೂರದಲ್ಲಿ ಎರಡು ಭಾರಿ ನಕ್ಷತ್ರಗಳು ಡಿಕ್ಕಿ ಹೊಡೆದರೆ ಅಲ್ಲಿಂದ ಗುರುತ್ವದ ಅಲೆ ಹೊರಟು ಬರುತ್ತದೆ. ಅದು ಹಾದು ಹೋಗುವಾಗ ಒಂದು ಕೊಳವೆ ಕೂದಲೆಳೆಯ ಕೋಟಿ ಕೋಟಿ ಭಾಗದಷ್ಟು ಉದ್ದವಾಗಿ ಇನ್ನೊಂದು ಅಷ್ಟೇ ಗಿಡ್ಡವಾಗುತ್ತದೆ. ಅದನ್ನು ಹಿಡಿಯಬೇಕು.

ತೊಂದರೆ ಕೊಡುವುದು ಬೆಳಕೇ. ಅದು ನಲ್ಲಿಯ ನೀರಿನ ಹಾಗೆ ಒಂದೇ ಧಾರೆಯಾಗಿ ಬರುವುದಿಲ್ಲ, ಕಣ ಕಣವಾಗಿ ತನಗೆ ತೋಚಿದಂತೆ ಬರುತ್ತದೆ. ತಗಡಿನ ಮೇಲೆ ಹನಿ ಬಿದ್ದಂತೆ ಒಂದೇ ಸಮನೆ ಗದ್ದಲ. ಇನ್ನೂ ವಿಚಿತ್ರ ಅಂದರೆ, ಏನೂ ಇಲ್ಲದ ಖಾಲಿ ಜಾಗದಲ್ಲೂ ಈ ಗದ್ದಲ ಸ್ವಲ್ಪ ಇದ್ದೇ ಇರುತ್ತದೆ, ಯಂತ್ರದ ಹೊರಬಾಗಿಲಿನಿಂದ ಒಳಗೆ ನುಸುಳುತ್ತದೆ. ಇದನ್ನು ಪೂರ್ತಿ ಅಳಿಸಲು ಯಾರಿಂದಲೂ ಆಗದು. ಆದರೆ ಅತ್ತ ಇತ್ತ ತಳ್ಳಬಹುದು. ದಿಂಬನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದಲ್ಲ, ಹಾಗೆ. ನಮಗೆ ಅಳೆಯಬೇಕಾದ ಕಡೆ ಒತ್ತಿ, ಬೇಡದ ಕಡೆ ಉಬ್ಬಲು ಬಿಟ್ಟರಾಯಿತು. ಇದಕ್ಕೆ ನಾವು ಹಿಂಡಿದ ಬೆಳಕು ಅನ್ನುತ್ತೇವೆ. ಅದನ್ನು ತಯಾರಿಸುವ ಪೆಟ್ಟಿಗೆ ನನ್ನದು.

ಮೇ ಒಂದಕ್ಕೆ ಯಂತ್ರ ಆಲಿಸಲು ಶುರು ಮಾಡುತ್ತದೆ. ಆಮೇಲೆ ಒಂದು ವರ್ಷ ಯಾರೂ ಏನನ್ನೂ ಮುಟ್ಟುವಂತಿಲ್ಲ. ಅಷ್ಟರೊಳಗೆ ನನ್ನ ಪೆಟ್ಟಿಗೆ ಗದ್ದಲವನ್ನು ಅರ್ಧಕ್ಕೆ ಇಳಿಸಿ ತೋರಿಸಬೇಕು. ಇಲ್ಲದಿದ್ದರೆ ಅದಕ್ಕೆ ಬೀಗ, ನನ್ನ ಆರು ವರ್ಷದ ಕೆಲಸ ಮೂಲೆಗೆ.

ಕಳೆದ ವಾರ ಪೆಟ್ಟಿಗೆಯ ಕೊನೆಯ ಲೆನ್ಸಿನ ಮೇಲೆ ಧೂಳಿನ ಚುಕ್ಕೆ ಕಂಡಿತು. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ನಮ್ಮ ಮೇಡಂ "ಅರ್ಧ ಗಂಟೇಲಿ ಮುಗಿಸಿದ್ಯಾ? ಯಾರ ಹತ್ರ ಕಲಿತೆ?" ಅಂತ ಕೇಳಿದರು. ಬಸ್ ಸ್ಟಾಪಿನ ಎದುರಿನ ನಮ್ಮ ಮಾವನ ಕನ್ನಡಕದ ಅಂಗಡಿಯಲ್ಲಿ ಅಂದೆ. ಮುಂದಿನ ವಾರ ಪೆಟ್ಟಿಗೆಯನ್ನು ಯಂತ್ರಕ್ಕೆ ಜೋಡಿಸುತ್ತೇವೆ.

ನಿಮ್ಮ
ಇಣುಕಿ

*

ಫೆಬ್ರವರಿ 15

ಇಣುಕೀ,

ಬೆಳಕನ್ನು ಹಿಂಡುತ್ತಾಳಂತೆ ಅಂತ ನಿನ್ನ ಅತ್ತೆಗೆ ಓದಿ ಹೇಳಿದೆ. "ಬಟ್ಟೆ ಹಿಂಡಿದ್ರೆ ನೀರು ಬರುತ್ತೆ, ಬೆಳಕು ಹಿಂಡಿದ್ರೆ ಏನ್ ಬರುತ್ತೆ?" ಅಂದಳು. ತಲೆನೋವು ಬರುತ್ತೆ, ಅದಕ್ಕೇ ಬರೆದಿದ್ದಾಳೆ ಅಂದೆ.

ದಿಂಬಿನ ಮಾತು ಅರ್ಥವಾಯಿತು. ನಮ್ಮ ಕೆಲಸವೂ ಅದೇ ತಾನೆ. ದೂರ ಚೆನ್ನಾಗಿ ಕಾಣುವಂತೆ ಮಾಡಿದರೆ ಹತ್ತಿರದ್ದು ಕೈಕೊಡುತ್ತದೆ. ಎರಡೂ ಬೇಕು ಅನ್ನುವ ಗಿರಾಕಿಗೆ ನಾನು ಮೊದಲು ಕುರ್ಚಿ ಹಾಕುತ್ತೇನೆ, ಆಮೇಲೆ ವಿವರಿಸುತ್ತೇನೆ.

ನಾನು ಕಲಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು ಅಂತ ಕೇಳಿ ಎದೆ ಉಬ್ಬಿತು. ಮೂರು ದಿನದಿಂದ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಊದಿ ಒರೆಸಿದೆ ತಾನೆ? ನಿನಗೆ ಒಂಬತ್ತು ವರ್ಷ ಇರುವಾಗ, ಎಲ್ಲದಕ್ಕೂ ಇಣುಕಿ ನೋಡಿ ಈ ಅಡ್ಡಹೆಸರು ಪಡೆದ ಕಾಲದಲ್ಲಿ, ಸ್ಟೂಲಿನ ಮೇಲೆ ನಿಂತು ಹಾ ಅಂತ ಊದುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಉಸಿರಿಗಿಂತ ಮೆತ್ತಗಿನ ದ್ರಾವಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಕ್ಷರ ದೊಡ್ಡದಾಗಿದೆ ಅಂದೆ. ಪೆನ್ನು ದಪ್ಪನೆಯದು, ಅಷ್ಟೇ. ಕಣ್ಣಿನ ಬಗ್ಗೆ ಚಿಂತೆ ಬೇಡ. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಗೋಡೆಯ ಅಕ್ಷರದ ಬೋರ್ಡು ಓದುತ್ತೇನೆ, ಮೇಲಿನ ದೊಡ್ಡ ಅಕ್ಷರದಿಂದ ಕೊನೆಯ ಸಾಲಿನವರೆಗೆ. ಒಂದೂ ತಪ್ಪುವುದಿಲ್ಲ.

ಪಕ್ಕದ ಬೀದಿಯ ಮೇಷ್ಟ್ರು ಹೊಸ ಕನ್ನಡಕ ವಾಪಸು ತಂದಿದ್ದರು, ತಲೆ ಸುತ್ತುತ್ತದಂತೆ. ಫ್ರೇಮಿನದ್ದೇ ದೋಷ. ಈಗಿನ ಫ್ರೇಮುಗಳನ್ನು ನಂಬುವ ಹಾಗಿಲ್ಲ.

ನಿನ್ನ ಮಾವ

*

ಮಾರ್ಚ್ 2

ಪ್ರೀತಿಯ ಮಾವ,

ಜೋಡಿಸಿದೆವು. ಅಂದುಕೊಂಡ ಹಾಗೆ ಆಗಲಿಲ್ಲ.

ಪೆಟ್ಟಿಗೆಯ ಒಳಗೆ ಅಳೆದರೆ ಹಿಂಡಿದ ಬೆಳಕು ಚೆನ್ನಾಗಿಯೇ ಇದೆ. ಯಂತ್ರ ಸೇರುವಷ್ಟರಲ್ಲಿ ಅರ್ಧಕ್ಕರ್ಧ ಕೆಟ್ಟು ಹೋಗಿರುತ್ತದೆ. ಗದ್ದಲ ಅರ್ಧಕ್ಕೆ ಇಳಿಯಬೇಕಿತ್ತು, ಕಾಲು ಭಾಗ ಮಾತ್ರ ಇಳಿದಿದೆ. ಈ ಬೆಳಕಿನ ಗುಣವೇ ಹಾಗೆ. ದಾರಿಯಲ್ಲಿ ಸ್ವಲ್ಪ ಸೋರಿದರೂ ಆ ಜಾಗಕ್ಕೆ ಖಾಲಿ ಜಾಗದ ಗದ್ದಲ ಬಂದು ಸೇರುತ್ತದೆ, ಹಾಲಿಗೆ ನೀರು ಬೆರೆತ ಹಾಗೆ. ಬೆರೆತ ಮೇಲೆ ಬೇರೆ ಮಾಡಲು ಬರುವುದಿಲ್ಲ. ಎಲ್ಲಿ ಸೋರುತ್ತಿದೆ ಅಂತ ಹುಡುಕುವುದೇ ಈಗ ನಮ್ಮ ಕೆಲಸ.

ಎಲ್ಲರೂ ಬೆರಳು ತೋರಿಸುತ್ತಿರುವುದು ಗೊಣಗಪ್ಪನ ಕಡೆಗೆ. ಇವರು ನಮ್ಮ ಗುಂಪಿನ ಹಿರಿಯ ತಂತ್ರಜ್ಞರು. ಕಾಫಿ ಬಿಸಿ ಇದ್ದರೂ ಗೊಣಗುತ್ತಾರೆ, ಆರಿದರೂ ಗೊಣಗುತ್ತಾರೆ, ಅದಕ್ಕೇ ಆ ಹೆಸರು. ಬೆಳಕು ಒಂದೇ ದಿಕ್ಕಿಗೆ ಹೋಗುವಂತೆ ತಡೆಯುವ ಕವಾಟ ಅವರು ಕೈಯಾರೆ ಕಟ್ಟಿದ್ದು. ಸೋರುವುದು ಅಲ್ಲೇ ಇರಬೇಕು, ಅದನ್ನು ಬಿಚ್ಚಿ ಬದಲಿಸೋಣ ಅನ್ನುತ್ತಿದ್ದಾರೆ. ಬಿಚ್ಚಿದರೆ ಐದು ವಾರ ಬೇಕು. ಅವರು ಈಗ ಗೊಣಗುವುದನ್ನೇ ನಿಲ್ಲಿಸಿದ್ದಾರೆ. ಅದನ್ನು ನೋಡಿದರೆ ನನಗೆ ಊಟ ಸೇರುವುದಿಲ್ಲ.

ಮಾವ, ಒಂದು ಮಾತು. ಊದಿ ಒರೆಸಿದ ಗಾಜಿನಲ್ಲಿ ಏನಾದರೂ ಉಳಿಯುತ್ತದೆಯೇ? ಕಣ್ಣಿಗೆ ಕಾಣದ ಹಾಗೆ? ಸುಮ್ಮನೆ ಕೇಳಿದೆ.

ಇಣುಕಿ

*

ಮಾರ್ಚ್ 11

ಇಣುಕೀ,

ಸುಮ್ಮನೆ ಕೇಳಿದೆ ಅನ್ನುವವರು ಯಾರೂ ಸುಮ್ಮನೆ ಕೇಳುವುದಿಲ್ಲ. ಯಾರು ಬರೆದರು ನಿನಗೆ? ಅತ್ತೆಯಾ?

ಮೇಷ್ಟ್ರ ಕನ್ನಡಕದ ಗಾಜು ಸರಿಯಾಗಿಯೇ ಒರೆಸಿ ಕೊಟ್ಟಿದ್ದೇನೆ. ಅದರಲ್ಲಿ ಏನೂ ಉಳಿದಿರಲಿಲ್ಲ. ನಲವತ್ತೊಂದು ವರ್ಷದಿಂದ ಊದಿ ಒರೆಸುತ್ತಿದ್ದೇನೆ, ಯಾರೂ ಹೀಗೆ ಕೇಳಿರಲಿಲ್ಲ. ನೀನೂ ಕೇಳುವ ಕಾಲ ಬಂತು.

ನನ್ನ ಕೈಗೆ ಏನೂ ಆಗಿಲ್ಲ. ಕಣ್ಣಿಗೂ ಏನೂ ಆಗಿಲ್ಲ. ಬೋರ್ಡಿನ ಕೊನೆಯ ಸಾಲು ಇವತ್ತೂ ಓದಿದೆ.

ಮಾವ

*

ಮಾರ್ಚ್ 19

ಮಾವ,

ನಿಮ್ಮ ಕಾಗದ ಓದಿ ತಬ್ಬಿಬ್ಬಾದೆ. ಮೇಷ್ಟ್ರ ವಿಷಯ ನನಗೆ ಯಾರೂ ಬರೆದಿಲ್ಲ. ನಾನು ಕೇಳಿದ್ದು ನನ್ನ ಬಗ್ಗೆ. ಮುಚ್ಚಿಟ್ಟು ಕೇಳಿದ್ದಕ್ಕೆ ನಿಮ್ಮ ಮನಸ್ಸು ನೋಯಿಸಿದೆ, ತಪ್ಪಾಯಿತು. ಇನ್ನು ನೇರವಾಗಿ ಹೇಳಿಬಿಡುತ್ತೇನೆ.

ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಮ್ಮ ಕೋಣೆಯೊಳಗೆ ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಎರಡು ಜೊತೆ ಕೈಗವಸು, ಬಾಯಿಗೆ ಮುಸುಕು. ಮಾತಾಡುವಾಗ ಹಾರುವ ಒಂದು ಹನಿ ಬಿದ್ದರೂ ಗಾಜು ಹಾಳು ಅಂತ ಮೊದಲ ದಿನವೇ ಕಲಿಸುತ್ತಾರೆ. ನಾನು ಲೆನ್ಸನ್ನು ದ್ರಾವಣ ಹಾಕಿಯೇ ಒರೆಸಿದೆ. ಒಂದು ಗೆರೆ ಉಳಿಯಿತು. ಮತ್ತೆ ಒರೆಸಿದೆ, ಮತ್ತೆ ಉಳಿಯಿತು. ಆಮೇಲೆ ನನ್ನ ಕೈ ತಾನಾಗಿ ಮುಸುಕನ್ನು ಕೆಳಗೆಳೆಯಿತು. ಹಾ ಅಂತ ಊದಿದೆ. ಒರೆಸಿದೆ. ಗೆರೆ ಹೋಯಿತು. ಎಷ್ಟು ಖುಷಿಯಾಯಿತು ಅಂದರೆ, ಏನು ಮಾಡಿದೆ ಅಂತ ಹೊಳೆದದ್ದು ಸಂಜೆ ಮನೆಯಲ್ಲಿ ಕನ್ನಡಿ ಮುಂದೆ ತಲೆ ಬಾಚುವಾಗ.

ದಾಖಲೆ ಪುಸ್ತಕದಲ್ಲಿ "ಲೆನ್ಸ್ ಶುಚಿ ಮಾಡಲಾಗಿದೆ" ಅಂತ ಮಾತ್ರ ಬರೆದೆ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡು ಇಷ್ಟು ದಿನ ತಳ್ಳಿದೆ. ಏಪ್ರಿಲ್ ಆರಕ್ಕೆ ಗೊಣಗಪ್ಪನವರ ಕವಾಟ ಬಿಚ್ಚುವುದೆಂದು ಗೊತ್ತಾಗಿದೆ. ಅಲ್ಲಿಂದ ಐದು ವಾರ ಅಂದರೆ ಮೇ ಒಂದು ದಾಟಿಯೇ ಹೋಗುತ್ತದೆ. ತಪ್ಪು ನನ್ನ ಉಸಿರಿನದ್ದಾದರೆ ಅವರ ಮರ್ಯಾದೆಯೂ ಹೋಯಿತು, ನನ್ನ ಪೆಟ್ಟಿಗೆಯೂ ಹೋಯಿತು. ಹೇಳಿದರೆ ನನ್ನನ್ನು ಆ ಕೋಣೆಯೊಳಗೆ ಮತ್ತೆ ಬಿಡುತ್ತಾರೋ ಇಲ್ಲವೋ. ಹೇಳದಿದ್ದರೆ ನಾನೇ ಒಳಗೆ ಹೋಗಲಾರೆ. ನಾಚಿಕೆಯಾಗುತ್ತಿದೆ ಮಾವ.

ಇಣುಕಿ

*

ಮಾರ್ಚ್ 26

ನನ್ನ ಇಣುಕಿ,

ಈ ಕಾಗದ ಎಂಟು ಹಾಳೆ ಆಗಬಹುದು. ಬೈಯಬೇಡ. ದೊಡ್ಡದಾಗಿ ಬರೆಯದಿದ್ದರೆ ಬರೆದದ್ದು ನನಗೇ ಕಾಣುವುದಿಲ್ಲ.

ಹೌದು. ಒಂದು ವರ್ಷದಿಂದ ಎರಡೂ ಕಣ್ಣಿಗೆ ಪೊರೆ. ಬೀದಿಯ ದೀಪದ ಸುತ್ತ ಬಳೆ ಕಾಣುತ್ತದೆ, ಬಸ್ಸಿನ ನಂಬರು ಕಾಣುವುದಿಲ್ಲ. ಬೋರ್ಡಿನ ಕೊನೆಯ ಸಾಲು ದಿನಾ ಓದುವುದು ಸುಳ್ಳಲ್ಲ. ಆದರೆ ನಲವತ್ತೊಂದು ವರ್ಷದಿಂದ ಅದೇ ಬೋರ್ಡು. ಕಣ್ಣು ಮುಚ್ಚಿಕೊಂಡೂ ಹೇಳುತ್ತೇನೆ, ಬಾಯಿಪಾಠ. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡಿದವನು ನನ್ನ ಕಣ್ಣಿಗೆ ಮಾತ್ರ ಹೀಗೆ ನಾಟಕ ಕಟ್ಟಿಕೊಂಡು ಕೂತೆ. ಕಣ್ಣಿಗೆ ಚಾಕು ಹಾಕುತ್ತಾರೆ ಅಂದರೆ ನನಗೆ ಬಲು ಹೆದರಿಕೆ. ನೀನು ಕೆಲಸ ಬಿಟ್ಟು ಓಡಿ ಬರುತ್ತೀಯ ಅನ್ನುವುದು ಇನ್ನೊಂದು ನೆಪ.

ಮೇಷ್ಟ್ರ ಕನ್ನಡಕ ಮತ್ತೆ ತರಿಸಿಕೊಂಡು, ಭೂತಗನ್ನಡಿ ಹಿಡಿದು ನೋಡಿದೆ. ಗಾಜಿನ ಪವರು ಸರಿ, ಅಂಚು ಉಜ್ಜಿದ್ದು ಸರಿ, ಹೊಳಪು ಸರಿ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದೆ! ಒರೆಸುವುದರಲ್ಲೇ ಮುಳುಗಿ, ಕೂರಿಸುವಾಗ ನೋಡಲೇ ಇಲ್ಲ. ಅವರ ಮನೆಗೇ ಹೋಗಿ ಹೇಳಿದೆ. ಅವರು ನಕ್ಕರು. "ನಾನೂ ಉತ್ತರ ಪತ್ರಿಕೆ ಅದಲು ಬದಲು ಮಾಡಿದ್ದೀನಿ ಬಿಡಿ" ಅಂದರು. ಒಂದು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಕಲ್ಲು ಇಳಿದ ಹಾಗಾಯಿತು.

ಅದಕ್ಕೇ ಕೇಳುತ್ತೇನೆ. ಒರೆಸಿದ್ದು ನಿನಗೆ ಇಷ್ಟು ಚೆನ್ನಾಗಿ ನೆನಪಿದೆ. ಕೂರಿಸಿದ್ದು ನೆನಪಿದೆಯಾ? ಯಾವ ಮುಖ ಯಾವ ಕಡೆಗೆ? ನಮ್ಮ ಅಂಗಡಿಯಲ್ಲಿ ಲೆನ್ಸನ್ನು ತಟ್ಟೆಯಲ್ಲಿ ಇಡುವುದು ಉಬ್ಬು ಮೇಲೆ ಮಾಡಿ, ಫ್ರೇಮಿಗೆ ಹಾಕುವುದು ಉಬ್ಬು ನಮ್ಮ ಕಡೆಗೆ ಮಾಡಿ. ನಿನ್ನ ಕೈ ನನಗೆ ಗೊತ್ತು. ತಾನಾಗಿ ಮುಸುಕು ಎಳೆದ ಕೈ, ತಾನಾಗಿ ಇನ್ನೇನು ಮಾಡಿತು ಅಂತ ನೋಡು.

ಆದರೆ ನೋಡುವ ಮೊದಲು ಹೋಗಿ ಹೇಳು. ಈ ಕಾಗದ ಮಡಿಸಿ ಇಟ್ಟ ಕೂಡಲೇ. ಆ ಗೊಣಗಪ್ಪನಿಗೆ ಮೊದಲು ಹೇಳು, ಆಮೇಲೆ ಮೇಡಂಗೆ.

ನಿನ್ನ ಮಾವ

(ಇದು ಅತ್ತೆ. ಇವರು ಕಾಗದ ಅಂಟಿಸುವ ಮೊದಲು ಕದ್ದು ಬರೆಯುತ್ತಿದ್ದೇನೆ. ಮೊನ್ನೆ ಕುರ್ಚಿಯ ಮೇಲಿದ್ದ ನನ್ನ ಶಾಲನ್ನು ಬೆಕ್ಕು ಅಂತ ಓಡಿಸುತ್ತಿದ್ದರು. ನಿನ್ನ ಮಾತು ಕೇಳುತ್ತಾರೆ, ಏನಾದರೂ ಮಾಡು.)

*

ಏಪ್ರಿಲ್ 2

ಮಾವಾ!

ಎಲ್ಲಿಂದ ಶುರು ಮಾಡಲಿ?

ನಿಮ್ಮ ಕಾಗದ ಸೋಮವಾರ ಹತ್ತು ಗಂಟೆಗೆ ಕೈಗೆ ಬಂತು. ಮಡಿಸಿ ಜೇಬಿಗೆ ಹಾಕಿಕೊಂಡು ನೇರವಾಗಿ ಗೊಣಗಪ್ಪನವರ ಮೇಜಿಗೆ ಹೋದೆ. ಅವರು ಒಂದು ಸ್ಕ್ರೂ ಹಿಡಿದು ಅದನ್ನೇ ನೋಡುತ್ತಾ ಕೂತಿದ್ದರು. ಎಲ್ಲ ಹೇಳಿದೆ. ಮುಸುಕು, ಉಸಿರು, ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು. ಅವರು ಸ್ಕ್ರೂವನ್ನು ಮೇಜಿನ ಮೇಲಿಟ್ಟರು. ಆಮೇಲೆ "ಆರು ವಾರ ನನ್ನನ್ನ ಹುರಿದು ತಿಂದಿದ್ದೀರಿ ಎಲ್ಲರೂ" ಅಂದರು. ಆಮೇಲೆ "ನಡಿ, ಮೇಡಂ ಹತ್ರ ಒಬ್ಬಳೇ ಹೋಗ್ಬೇಡ" ಅಂದರು. ನನಗೆ ಅಲ್ಲೇ ಅಳು ಬಂತು.

ಮೇಡಂ ಬೈದರು. ಚೆನ್ನಾಗಿಯೇ ಬೈದರು. ಊದಿದ್ದಕ್ಕೆ ಎರಡು ಮಾತು, ಬರೆಯದೆ ಬಿಟ್ಟದ್ದಕ್ಕೆ ಇಪ್ಪತ್ತು. ಬೈದು ಮುಗಿಸಿ "ಬಟ್ಟೆ ಬದಲಾಯಿಸು, ಬಿಚ್ಚೋಣ" ಅಂದರು.

ಮೂವರೂ ಒಳಗೆ ಹೋದೆವು. ಮೊದಲು ಓರೆಯಾಗಿ ದೀಪ ಬಿಟ್ಟು ಗಾಜಿನ ಮೇಲೆ ಉಸಿರಿನ ಕಲೆ ಹುಡುಕಿದೆವು. ಇಲ್ಲ! ಕಳೆದುಹೋಗುವ ಬೆಳಕನ್ನು ಅಳೆದೆವು. ಸಾವಿರದಲ್ಲಿ ಒಂದು ಭಾಗವೂ ಇಲ್ಲ. ನಿಮ್ಮ ಉಸಿರಿನ ಪಾಠಕ್ಕೆ ಏನೂ ಕಳಂಕವಿಲ್ಲ ಮಾವ. (ಆದರೂ ಇನ್ನು ಮುಂದೆ ಊದುವುದಿಲ್ಲ ಅಂತ ಬರೆದು ಸಹಿ ಹಾಕಿಸಿಕೊಂಡಿದ್ದಾರೆ.)

ಆಮೇಲೆ ನಾನು "ಯಾವ ಮುಖ ಯಾವ ಕಡೆಗಿದೆ?" ಅಂತ ಕೇಳಿದೆ. ಆ ಲೆನ್ಸು ಒಂದು ಕಡೆ ಚಪ್ಪಟೆ, ಒಂದು ಕಡೆ ಉಬ್ಬು. ದಿಕ್ಕಿನ ಬಾಣದ ಗುರುತು ಇರುವುದು ಅದನ್ನು ಹಿಡಿದಿರುವ ಲೋಹದ ಬಳೆಯ ಮೇಲೆ, ಗಾಜಿನ ಮೇಲಲ್ಲ. ಉಬ್ಬು ಯಂತ್ರದ ಕಡೆಗೆ ಇರಬೇಕಿತ್ತು. ನಾನು ನಿಂತಿದ್ದ ಕಡೆಗೆ, ನನ್ನ ಮುಖಕ್ಕೇ ತಿರುಗಿ ಕೂತಿತ್ತು, ಅಂಗಡಿಯಲ್ಲಿ ಕೂರಿಸುವ ಹಾಗೆ!

ಹೀಗೆ ಹಿಂದುಮುಂದಾಗಿ ಕೂತಿದ್ದರಿಂದ ಬೆಳಕು ಒಂದುಗೂಡಬೇಕಾದ ಜಾಗಕ್ಕಿಂತ ಕೆಲವು ಮಿಲಿಮೀಟರ್ ಆಚೆಗೆ ಒಂದುಗೂಡುತ್ತಿತ್ತು. ನಡುವಿಗೇ ಬೀಳುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಅದರ ಅಗಲ ಯಂತ್ರದ ಬೆಳಕಿನ ಅಗಲಕ್ಕೆ ಹೊಂದುತ್ತಿರಲಿಲ್ಲ. ಹೊಂದದೆ ಉಳಿದದ್ದೆಲ್ಲ ಸೋರಿದ ಲೆಕ್ಕವೇ. ಕವಾಟದ್ದು ಏನೂ ತಪ್ಪಿಲ್ಲ.

ಲೆನ್ಸನ್ನು ತಿರುಗಿಸಿ ಕೂರಿಸಿದವರು ಗೊಣಗಪ್ಪ. ನಾನು ದೀಪ ಹಿಡಿದು ನಿಂತೆ. ಎರಡು ದಿನ ಹೊಂದಿಸಿ, ಇವತ್ತು ಮಧ್ಯಾಹ್ನ ಪೆಟ್ಟಿಗೆಯ ಬಾಗಿಲು ತೆರೆದೆವು. ಪರದೆಯ ಮೇಲೆ ಗದ್ದಲದ ಗೆರೆ ನಮ್ಮ ಕಣ್ಣೆದುರೇ ಇಳಿಯಿತು. ಇಳಿದು ಇಳಿದು ಅರ್ಧಕ್ಕೆ ನಿಂತಿತು. ಎಲ್ಲರೂ ಕುರ್ಚಿಗೆ ಒರಗಿ ಉಸಿರು ಬಿಟ್ಟೆವು. ಗೊಣಗಪ್ಪ "ಇನ್ನೂ ಸ್ವಲ್ಪ ಇಳೀಬೇಕಿತ್ತು" ಅಂದರು. ಆ ಗೊಣಗಾಟ ಕೇಳಿ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಈಗ ನಿಮ್ಮ ಸರದಿ. ನಾನು ಹೇಳಿದೆ, ಬದುಕಿದೆ. ನೀವು ಡಾಕ್ಟರ ಹತ್ತಿರ ಹೋಗಿ. ಹೋಗದಿದ್ದರೆ ಆ ಬೋರ್ಡನ್ನು ಗೋಡೆಯಿಂದ ಇಳಿಸಲು ಅತ್ತೆಗೆ ಹೇಳುತ್ತೇನೆ.

ಇಣುಕಿ

*

ಏಪ್ರಿಲ್ 19

ಇಣುಕೀ,

ಇದು ಅತ್ತೆಯ ಅಕ್ಷರ, ನನ್ನ ಮಾತು. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. (ಬೇಕಾದ್ದು ಮಾತ್ರ ಬರೆಯುತ್ತೇನೆ. ಅತ್ತೆ.)

ನಿನ್ನ ಗೆರೆ ಅರ್ಧಕ್ಕೆ ಇಳಿದ ಸುದ್ದಿ ಓದಿಸಿಕೊಂಡು ಕೇಳಿದ ಮೇಲೆ ನನಗೆ ನೆಪ ಉಳಿಯಲಿಲ್ಲ. ಬುಧವಾರ ಬಲಗಣ್ಣು ಆಯಿತು. ನಾನು ಒಂದು ಚೂರೂ ಹೆದರಲಿಲ್ಲ. (ನನ್ನ ಕೈ ಹಿಡಿದು ಕೆಂಪಗೆ ಮಾಡಿದ್ದಾರೆ.) ಹತ್ತು ನಿಮಿಷದ ಕೆಲಸ. ಚಾಕು ಕಾಣಲೇ ಇಲ್ಲ, ಬಣ್ಣ ಬಣ್ಣದ ಬೆಳಕು ಮಾತ್ರ ಕಂಡಿತು. ಒಳಗೆ ಹೊಸ ಲೆನ್ಸ್ ಕೂರಿಸುವ ಮೊದಲು ನಾನು "ಯಾವ ಮುಖ ಯಾವ ಕಡೆಗೆ ಅಂತ ನೋಡಿಕೊಳ್ಳಿ" ಅಂದೆ. ಡಾಕ್ಟರು ಸುಮ್ಮನೆ ಮಲಗಿ ಅಂದರು. (ನರ್ಸು ಹೊರಗೆ ಬಂದು ಅದನ್ನೇ ಹೇಳಿ ಹೇಳಿ ನಕ್ಕಳು.)

ಪಟ್ಟಿ ತೆಗೆದ ಮೇಲೆ ಮೊದಲು ಕಂಡದ್ದು ನಿನ್ನ ಅತ್ತೆ. ಇವಳ ಕೂದಲು ಇಷ್ಟು ಬೆಳ್ಳಗಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. (ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದೆ. ಇವರು ನೋಡಿ ಅತ್ತರು, ಅದನ್ನೂ ಬರೆದಿದ್ದೇನೆ.)

ನೀನು ಬರಬೇಡ. ಮೇ ಒಂದಕ್ಕೆ ಅಲ್ಲೇ ಇರು. ಎಡಗಣ್ಣು ಮುಂದಿನ ತಿಂಗಳು.

ಮಾವ, ಅತ್ತೆ

*

ಜೂನ್ 8

ಪ್ರೀತಿಯ ಮಾವ,

ಎರಡೂ ಕಣ್ಣು ಸರಿಯಾಯಿತು ಅಂತ ಅತ್ತೆ ಬರೆದರು. ನನಗೆ ಅವರ ಮಾತಷ್ಟೇ ಸಾಲದು, ನಾನೇ ಪರೀಕ್ಷೆ ಮಾಡಬೇಕು. ಇಲ್ಲಿಂದ ಕೆಳಗೆ ಸಾಲು ಸಾಲಿಗೂ ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ಓದುವ ಕನ್ನಡಕ ಹಾಕಿಕೊಳ್ಳಬಹುದು. ಭೂತಗನ್ನಡಿ ಹಿಡಿಯುವ ಹಾಗಿಲ್ಲ. ಅತ್ತೆಯನ್ನು ಕೇಳುವ ಹಾಗೂ ಇಲ್ಲ.

ಯಂತ್ರ ಐದು ವಾರದಿಂದ ಆಲಿಸುತ್ತಿದೆ. ನಾವೆಲ್ಲ ಮೆಲ್ಲಗೆ ನಡೆಯುವುದು ಅಭ್ಯಾಸ ಮಾಡಿಕೊಂಡಿದ್ದೇವೆ.

ಮೇ ಒಂದಕ್ಕೆ ಮೊದಲೇ ಗೊಣಗಪ್ಪ ಆ ಲೆನ್ಸಿನ ಅಂಚಿನ ಮೇಲೆ ಒಂದು ಬಾಣ ಕೆತ್ತಿಸಿದ್ದಾರೆ. ಅದಕ್ಕೆ ನನ್ನ ಹೆಸರಿಟ್ಟಿದ್ದಾರೆ.

ಕಳೆದ ಮಂಗಳವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಒಂದು ಸದ್ದು ಬಂತು. ಬಹಳ ಸಣ್ಣದು. ಎಷ್ಟೋ ಕೋಟಿ ವರ್ಷ ನಡೆದು ಬಂದ ಗುರುತ್ವದ ಅಲೆ. ಒಂದು ಸೆಕೆಂಡಿನಲ್ಲಿ ಮುಗಿಯಿತು.

ಹಳೆಯ ಗದ್ದಲ ಇದ್ದಿದ್ದರೆ ಅದರಲ್ಲೇ ಮುಳುಗಿ ಹೋಗುತ್ತಿತ್ತು ಅಂತ ಮೇಡಂ ಲೆಕ್ಕ ಮಾಡಿ ತೋರಿಸಿದರು.

ನೀವು ಅವತ್ತು ಯಾವ ಮುಖ ಯಾವ ಕಡೆಗೆ ಅಂತ ಕೇಳದಿದ್ದರೆ ಆ ಸದ್ದು ನಮಗೆ ಕೇಳುತ್ತಿರಲಿಲ್ಲ ಮಾವ

*

ಜೂನ್ 17

ಇಣುಕೀ,

ಪೋಸ್ಟ್‌ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಅಂಚಿನಲ್ಲಿ ಇನ್ನೂ ಜಾಗ ಉಳಿದಿದೆ. ಬುದ್ಧಿಮಾತು ಆಮೇಲೆ.

ಕನ್ನಡಕ ಹಾಕಿಕೊಂಡು, ಬಾಗಿಲ ಹತ್ತಿರ ಬೆಳಕಿಗೆ ಹಿಡಿದು, ಒಂದೊಂದೇ ಸಾಲು ಇಳಿದೆ. ಬಾಣದ ಸಾಲಿನಲ್ಲಿ ನಕ್ಕೆ. ಕಾಫಿ ಹೊತ್ತಿನ ಸಾಲಿನಲ್ಲಿ ಅಂಗಡಿಗೆ ಬಂದ ಗಿರಾಕಿಯನ್ನು ಕಾಯಿಸಿದೆ. ಕೊನೆಗೆ ಚುಕ್ಕಿ ಇಡುವುದನ್ನು ಮರೆತಿದ್ದೀಯ, ಅದೂ ಕಂಡಿತು.

ಕೊನೆಯ ಸಾಲು ಪೂರ್ತಿ ಓದಿದೆ. ಇದು ನನಗೆ ಬಾಯಿಪಾಠ ಇರಲಿಲ್ಲ.

ನಿನ್ನ ಮಾವ